ಎಡಗಡೆಯ ಕಿಟಕಿ

ಲಂಡನ್‌ನಿಂದ ಪ್ಯಾರಿಸ್‌ಗೆ ಆಕಾಶದ ದಾರಿ ಸುಮಾರು 350 ಕಿ.ಮೀ. ನಮ್ಮ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 370. ಎರಡೂ ಕಡೆ ವೇಳಾಪಟ್ಟಿಯಲ್ಲಿ ಕಾಣುವುದು ಒಂದು ತಾಸು ಚಿಲ್ಲರೆ. ಅದರಲ್ಲೂ ಗಾಳಿಯಲ್ಲಿರುವುದು ಮುಕ್ಕಾಲು ತಾಸಿನ ಆಸುಪಾಸು. ಉಳಿದದ್ದು ನೆಲದ ಮೇಲೆ ಉರುಳಾಡುವುದಕ್ಕೆ, ಸರದಿಗೆ ಕಾಯುವುದಕ್ಕೆ. ಹೀಗಾಗಿ ಇಷ್ಟು ಸಣ್ಣ ಹಾದಿಯಲ್ಲಿ ತಾಸಿಗೆ 500 ಕಿ.ಮೀ. ಓಡುವ ಪಂಖದ ವಿಮಾನ ಎಟಿಆರ್‌ಗೂ 800 ಓಡುವ ಜೆಟ್‌ಗೂ ಬೀಳುವ ಅಂತರ ಕಾಲು ತಾಸಿನ ಆಸುಪಾಸಷ್ಟೇ. ನನಗೆ ಎಟಿಆರೇ ಇಷ್ಟ. ರೆಕ್ಕೆ ಕಿಟಕಿಯ ಮೇಲಿರುತ್ತದೆ, ಕೆಳಗಿನ ನೆಲ ಮರೆಯಾಗುವುದಿಲ್ಲ.

ನಮ್ಮೂರು ಮುಳಗುಂದದವರು ಬೆಂಗಳೂರು ವಿಮಾನ ಹತ್ತಿದರೆ ಎಡಗಡೆಯ ಕಿಟಕಿ ಕೇಳಿ ಪಡೆಯಬೇಕು. ಭೂಪಟದ ಮೇಲೆ ಹುಬ್ಬಳ್ಳಿಗೂ ಬೆಂಗಳೂರಿಗೂ ಒಂದು ನೂಲು ಎಳೆದು ನೋಡಿ. ಅದು ಲಕ್ಷ್ಮೇಶ್ವರದ ತುಸು ತೆಂಕಣಕ್ಕೆ ಹಾಯುತ್ತದೆ. ಅಲ್ಲಿಂದ ನಮ್ಮೂರು ಎಡಕ್ಕೆ ಇಪ್ಪತ್ತು ಕಿ.ಮೀ. ಚಿಲ್ಲರೆ, ಅದರಾಚೆ ಕಪ್ಪತಗುಡ್ಡದ ಸಾಲು. ಹಿಂಗಾರಿ ಬಿತ್ತನೆಗೆ ಹದವಾದ ಎರೆಹೊಲ ಮೇಲಿನಿಂದ ಒದ್ದೆ ಕಂಬಳಿ ಹಾಸಿದಂತೆ ಕಾಣುತ್ತದೆ. ನಡುವೆ ಕೆರೆಯೊಂದು ಬಿಸಿಲಿಗೆ ಫಳಕ್ಕೆಂದು ಮಿಂಚಿ ಹಿಂದಾಗುತ್ತದೆ.

ಆ ಹೊತ್ತಿಗೆ ಲೆಕ್ಕವೂ ತಲೆಗೆ ಬರುತ್ತದೆ. ಮುಳಗುಂದದಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ನೇರ ಗೆರೆ ಸುಮಾರು 330 ಕಿ.ಮೀ. ಅಂದರೆ ಹುಬ್ಬಳ್ಳಿಗಿಂತ ನಮಗೇ ಬೆಂಗಳೂರು ಹತ್ತಿರ. ಆದರೂ ನಸುಕಿನಲ್ಲೆದ್ದು ಗದಗಿಗೆ ಹೋಗಿ, ಅಲ್ಲಿಂದ ಹುಬ್ಬಳ್ಳಿಗೆ ಮತ್ತೆ ಸುಮಾರು 58 ಕಿ.ಮೀ. ಪಡುವಣಕ್ಕೆ ಸಾಗಿ, ವಿಮಾನ ಹತ್ತಿ ನಮ್ಮೂರ ಮಗ್ಗುಲಿಗೇ ತಿರುಗಿ ಬರುತ್ತೇವೆ. ಬಸ್ಸು, ತಪಾಸಣೆ, ಹಾರಾಟ, 2008ರಲ್ಲಿ ದೇವನಹಳ್ಳಿಗೆ ಸರಿದ ನಿಲ್ದಾಣದಿಂದ ಮೆಜೆಸ್ಟಿಕ್ಕಿನವರೆಗಿನ ದಾರಿ, ಎಲ್ಲ ಕೂಡಿಸಿದರೆ ಆರು ತಾಸಿಗೆ ಕಡಿಮೆಯಿಲ್ಲ.

ನಮ್ಮ ಹಿರಿಯರು ದೂರವನ್ನು ಹರದಾರಿಯಲ್ಲಿ ಎಣಿಸುತ್ತಿದ್ದರು. ಆ ಹರದಾರಿ ಮನೆಯ ಹೊಸ್ತಿಲಿನಿಂದಲೇ ಶುರುವಾಗುತ್ತಿತ್ತು. ಲಂಡನ್ನಿನವರೂ ಈಗ ಹಾಗೆಯೇ ಎಣಿಸುತ್ತಾರೆ. 1994ರಲ್ಲಿ ಕಡಲಡಿಯ ಸುರಂಗದಲ್ಲಿ ಪ್ಯಾರಿಸ್ಸಿಗೆ ಯೂರೋಸ್ಟಾರ್ ರೈಲು ಓಡತೊಡಗಿತು. ಇಂದು ಅದು ಊರ ನಡುವಿನಿಂದ ಊರ ನಡುವಿಗೆ ಎರಡೂಕಾಲು ತಾಸಿನಲ್ಲಿ ಮುಟ್ಟಿಸುತ್ತದೆ. ವಿಮಾನ ಬಿಟ್ಟು ರೈಲು ಹಿಡಿದವರಿಗೆ ಲೆಕ್ಕವಿಲ್ಲ.

ನಮಗೂ ಬೇಕಾದದ್ದು ನೆಲದ ಮೇಲಿನ ನೇರ ದಾರಿಯೇ. ಗದಗಿನಿಂದ ಬೆಂಗಳೂರಿಗೆ ಹೊರಟ ಗೋಲಗುಂಬಜ್ ಎಕ್ಸ್‌ಪ್ರೆಸ್ ಕೂಡ ಮೊದಲು ಹುಬ್ಬಳ್ಳಿಯ ಕಡೆಗೆ ಹೋಗಿ ಆಮೇಲೆ ತೆಂಕಣಕ್ಕೆ ತಿರುಗುತ್ತದೆ. ಗದಗಿನಿಂದ ಲಕ್ಷ್ಮೇಶ್ವರದ ಮೇಲೆ ಹಾಯ್ದು ಯಲವಿಗಿಯಲ್ಲಿ ಬೆಂಗಳೂರು ಹಳಿಗೆ ಕೂಡುವ ಮಾರ್ಗವನ್ನು ಈ ಭಾಗದ ಜನ ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಮುಂದಿನ ಸಲ ಮತ ಕೇಳಲು ಬಂದವರ ಮುಂದೆ ಭೂಪಟ ಬಿಚ್ಚಿ, ಗದಗ–ಯಲವಿಗಿ ನಡುವೆ ಬೆರಳಿಟ್ಟು ತೋರಿಸಿ.