ನಂದಗಡವು ಯಾವ ಪುಟದಲ್ಲಿದೆ?



ಬಾದಾಮಿಯ ಸಮೀಪದ ಶಿವಯೋಗ ಮಂದಿರವನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಮಲಪ್ರಭೆಯ ದಡದಲ್ಲಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ ಕಲಿತ ವಟುಗಳು ನಾಡಿನ ಎಷ್ಟೋ ಮಠಗಳಿಗೆ ಸ್ವಾಮಿಗಳಾಗಿ ಹೋದರು. ಅದು ಸ್ಥಾಪನೆಗೊಂಡಾಗ ಈ ಊರುಗಳೆಲ್ಲ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಮೈಸೂರು ರಾಜ್ಯದೊಳಗೆ ಬಂದದ್ದು 1956ರ ನವೆಂಬರ್ 1ರಂದು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಒಂದೇ ಶತಮಾನದೊಳಗೆ ವಿಳಾಸ ಮೂರು ಬಾರಿ ಬದಲಾಯಿತು. ಹೊಳೆ ಮಾತ್ರ ತನ್ನ ಪಾತ್ರದಲ್ಲಿಯೇ ಹರಿಯುತ್ತಿದೆ.

ಆ ಹೊಳೆಯ ಮೂಲ ಎಲ್ಲಿದೆ? ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಆ ತಾಲ್ಲೂಕಿನಲ್ಲಿ ಬಹುಪಾಲು ಜನರ ಮನೆಮಾತು ಮರಾಠಿ. ಅಲ್ಲಿ ಹುಟ್ಟಿದ ನೀರು ಶಿವಯೋಗ ಮಂದಿರ, ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಿಗೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಖಾನಾಪುರದ ಹೆಸರನ್ನು ನೆನಪಿಟ್ಟುಕೊಳ್ಳಿರಿ. ಕರ್ನಾಟಕ ಮತ್ತು ಮಹಾರಾಷ್ಟ್ರಗಳ ನಡುವಣ ಗಡಿವಿವಾದದಲ್ಲಿ ಅದರ ಪಾತ್ರ ದೊಡ್ಡದು. ಆ ವಿವಾದದ ಬಗೆಗೆ ನಮ್ಮ ಮಕ್ಕಳ ಮನಸ್ಸಿನಲ್ಲಿ ಶಾಲೆಯ ಚರಿತ್ರೆ ಪಾಠವು ಏನನ್ನು ನೆಡುತ್ತಿದೆ ಎಂಬುದೇ ಈ ಲೇಖನದ ವಿಚಾರ.

ಮೊದಲು ಐಹೊಳೆಗೆ ಹೋಗೋಣ. ಪ್ರವಾಸದ ಮಕ್ಕಳು ಬಾದಾಮಿಯ ಗುಹೆಗಳನ್ನು ನೋಡಿ ಅಲ್ಲಿಗೆ ಬಂದೇ ಬರುತ್ತಾರೆ. ಊರಿನ ದಿಬ್ಬದ ಮೇಲಿನ ಮೇಗುತಿ ಜಿನಾಲಯದ ಗೋಡೆಯಲ್ಲಿ ಕ್ರಿ.ಶ. 634ರ ಶಾಸನವಿದೆ, ಬರೆದವನು ರವಿಕೀರ್ತಿ. ಇಮ್ಮಡಿ ಪುಲಕೇಶಿಯು ಹರ್ಷವರ್ಧನನ ಹರ್ಷವನ್ನು ಉಡುಗಿಸಿದ ಪ್ರಸಂಗ ಅದರಲ್ಲಿದೆ. ನಮ್ಮ ಮಕ್ಕಳಿಗೆ ಅದು ಕಂಠಪಾಠ. ಅದೇ ಶಾಸನದಲ್ಲಿ ಇನ್ನೊಂದು ಮಾತಿದೆ: ಪುಲಕೇಶಿಯು 99,000 ಗ್ರಾಮಗಳುಳ್ಳ ಮೂರು ಮಹಾರಾಷ್ಟ್ರಕಗಳಿಗೆ ಒಡೆಯನಾದನು. ಅವನ ರಾಜ್ಯಕ್ಕೆ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನೂ ಆ ದೇಶವನ್ನು ಮಹಾರಾಷ್ಟ್ರವೆಂಬ ಹೆಸರಿನಿಂದಲೇ ವರ್ಣಿಸಿದ್ದಾನೆ. ನರ್ಮದೆಯ ದಡದ ಜಯವನ್ನು ನೆನಪಿಟ್ಟವನು ಪುಲಕೇಶಿಯನ್ನು ಕನ್ನಡದ ಅರಸನೆನ್ನುತ್ತಾನೆ. ಯಾತ್ರಿಕನ ಮಾತನ್ನು ಹಿಡಿದವನು ಮಹಾರಾಷ್ಟ್ರದ ಅರಸನೆನ್ನುತ್ತಾನೆ. ಕಲ್ಲು ಇಬ್ಬರಿಗೂ ಸಾಕ್ಷಿ ನುಡಿಯುತ್ತದೆ. ಇನ್ನು ತಮಿಳುನಾಡಿನ ಮಗುವಿಗೆ ಇದೇ ಕಥೆಯ ನಾಯಕನು ಪಲ್ಲವ ನರಸಿಂಹವರ್ಮ. 642ರಲ್ಲಿ ಬಾದಾಮಿಯನ್ನು ಗೆದ್ದು ‘ವಾತಾಪಿಕೊಂಡ’ ಎಂಬ ಬಿರುದು ಧರಿಸಿದವನು.

ಯಾವ ಪುಸ್ತಕವೂ ಇಲ್ಲಿ ಸುಳ್ಳು ಹೇಳಿಲ್ಲವೆಂಬುದನ್ನು ಗಮನಿಸಬೇಕು. ಪಾಠ ಬರೆಯುವವರಿಗೆ ಸಿಕ್ಕುವುದು ಐದಾರು ಪುಟ. ಅದರಲ್ಲಿ ಆಯ್ಕೆ ಅನಿವಾರ್ಯ. ನನ್ನ ಆಕ್ಷೇಪ ಆಯ್ಕೆಯ ಮೇಲಲ್ಲ, ಅದರಿಂದ ಹುಟ್ಟುವ ಒಂದು ಅಭ್ಯಾಸದ ಮೇಲೆ. ಅರಸನು ಗೆದ್ದಷ್ಟು ನೆಲವೆಲ್ಲ ‘ನಮ್ಮದು’ ಎಂದು ಓದುವ ಅಭ್ಯಾಸವದು. ನಕ್ಷೆಯಲ್ಲಿ ಸಾಮ್ರಾಜ್ಯಕ್ಕೆ ಒಂದು ಬಣ್ಣ ಬಳಿದಿರುತ್ತಾರೆ; ಆ ಬಣ್ಣದೊಳಗೆ ಯಾವ ಹಳ್ಳಿಯವರು ಯಾವ ನುಡಿಯಾಡುತ್ತಿದ್ದರೆಂಬುದು ಅಲ್ಲಿ ಕಾಣುವುದಿಲ್ಲ. ಹತ್ತು ವರುಷದ ಹುಡುಗನಿಗೆ ಆ ಬಣ್ಣವೇ ನಾಡು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಅವನು ಗಡಿಯ ಬಗ್ಗೆ ಆವೇಶದಿಂದ ಮಾತನಾಡುವಾಗ, ಮನಸ್ಸಿನಲ್ಲಿ ಹರಡಿಕೊಂಡಿರುವುದು ಅದೇ ಬಣ್ಣದ ನಕ್ಷೆ.

ಗಡಿಯಾಚೆಯ ಶಾಲೆಯಲ್ಲೂ ಇದೇ ಕೆಲಸ ಬೇರೆ ಹೆಸರುಗಳಿಂದ ನಡೆಯುತ್ತದೆ. ಮಹಾರಾಷ್ಟ್ರದ ಮಕ್ಕಳು ದಶಕಗಳಿಂದ ನಾಲ್ಕನೆಯ ತರಗತಿಯಲ್ಲಿ ಇಡಿಯ ಒಂದು ಪುಸ್ತಕವನ್ನು ಶಿವಾಜಿ ಮಹಾರಾಜರ ಚರಿತ್ರೆಗಾಗಿಯೇ ಓದುತ್ತಾ ಬಂದಿದ್ದಾರೆ. ಮುಂದೆ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಪಾಠ ಬರುತ್ತದೆ. 1960ರ ಮೇ 1ರಂದು ರಾಜ್ಯ ಹುಟ್ಟಿದ್ದು, ಬೆಳಗಾವಿ ಹೊರಗುಳಿದದ್ದು ಇವೆರಡೂ ಒಂದೇ ಉಸಿರಿನಲ್ಲಿ ಆ ಮನಸ್ಸುಗಳಿಗೆ ಸೇರುತ್ತವೆ. ನಮ್ಮಲ್ಲಿ ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಏಕೀಕರಣದ ಪಾಠಗಳಿವೆ.

2021ರ ಡಿಸೆಂಬರಿನಲ್ಲಿ ಏನಾಯಿತೆಂದು ನೆನಪಿದೆಯೇ? ಬೆಂಗಳೂರಿನ ಸದಾಶಿವನಗರದಲ್ಲಿ ಶಿವಾಜಿಯ ಪ್ರತಿಮೆಗೆ ಮಸಿ ಬಳಿದರು. ಅದರ ಬೆನ್ನಲ್ಲೇ ಬೆಳಗಾವಿಯ ಅನಗೋಳದಲ್ಲಿ ರಾಯಣ್ಣನ ಪ್ರತಿಮೆಯನ್ನು ಭಗ್ನಗೊಳಿಸಿದರು. ಇಬ್ಬರು ವೀರರ ಪೈಕಿ ಯಾರೂ ಈ ಜಗಳವನ್ನು ಕಂಡವರಲ್ಲ. ಶಿವಾಜಿಯ ತಂದೆ ಶಹಾಜಿ ಬೆಂಗಳೂರಿನ ಜಹಗೀರುದಾರನಾಗಿದ್ದವನು. 1664ರಲ್ಲಿ ತೀರಿಕೊಂಡದ್ದು ಚನ್ನಗಿರಿ ಸಮೀಪದ ಹೊದಿಗೆರೆಯಲ್ಲಿ, ಅವನ ಸಮಾಧಿ ಇಂದಿಗೂ ಅಲ್ಲಿದೆ. ರಾಯಣ್ಣ ಕತ್ತಿ ಹಿಡಿದದ್ದು ಇಂಗ್ಲಿಷರ ವಿರುದ್ಧ. ಶಾಲೆಯ ಪಾಠದಿಂದ ಹೊರಟ ಈ ಇಬ್ಬರನ್ನು ನಾವು ಗಡಿಯ ಕಾವಲುಗಾರರನ್ನಾಗಿ ನಿಲ್ಲಿಸಿದ್ದೇವೆ.

ಈಗ ರಾಯಣ್ಣನ ವಿಷಯವನ್ನೇ ತುಸು ವಿವರವಾಗಿ ನೋಡೋಣ, ಏಕೆಂದರೆ ನಮ್ಮ ಪಾಠದ ಕೊರತೆ ಅಲ್ಲಿಯೇ ಬಯಲಾಗುತ್ತದೆ. 1831ರಲ್ಲಿ ಅವನನ್ನು ಗಲ್ಲಿಗೇರಿಸಿದ್ದು ನಂದಗಡದಲ್ಲಿ. ಅವನ ಸಮಾಧಿಯೂ ಅಲ್ಲಿಯೇ. ನಂದಗಡ ಇರುವುದು ಖಾನಾಪುರ ತಾಲ್ಲೂಕಿನಲ್ಲಿ, ಅಂದರೆ ನಮ್ಮ ಮಲಪ್ರಭೆಯ ತವರಿನಲ್ಲಿ.

ಗಡಿಯ ಮಾತು ಬಂದಾಗಲೆಲ್ಲ ನಮ್ಮ ಯುವಕರು, ಹಿರಿಯರು, ರಾಜಕಾರಣಿಗಳು ಒಕ್ಕೊರಲಿನಿಂದ ಹೇಳುವುದೊಂದಿದೆ: ಮಹಾಜನ ವರದಿಯೇ ಅಂತಿಮ. ಸರಕಾರದ ಅಧಿಕೃತ ನಿಲುವೂ ಅದೇ. ಮಹಾರಾಷ್ಟ್ರದ ಒತ್ತಾಯದ ಮೇರೆಗೆ 1966ರಲ್ಲಿ ಕೇಂದ್ರ ಸರಕಾರವು ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನರ ಆಯೋಗವನ್ನು ನೇಮಿಸಿತು. 1967ರಲ್ಲಿ ವರದಿ ಬಂತು. ಬೆಳಗಾವಿ ನಗರ ನಮ್ಮಲ್ಲಿಯೇ ಉಳಿಯಬೇಕೆಂದು ಅದು ಹೇಳಿತು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅದೇ ವರದಿ 264 ಊರುಗಳನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದೂ 247 ಊರುಗಳನ್ನು ಅಲ್ಲಿಂದ ನಮಗೆ ಕೊಡಿಸಬೇಕೆಂದೂ ಶಿಫಾರಸು ಮಾಡಿತು. ನಮಗೆ ಬರಬೇಕಾದವುಗಳಲ್ಲಿ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತದ ಕಡೆಯ ಹಳ್ಳಿಗಳಿವೆ. ನಾವು ಕೊಡಬೇಕಾದವುಗಳಲ್ಲಿ ನಿಪ್ಪಾಣಿ ಇದೆ, ಖಾನಾಪುರ ಇದೆ, ನಂದಗಡವೂ ಇದೆ.

ರಾಯಣ್ಣನ ಸಮಾಧಿಯನ್ನು ಬಿಟ್ಟುಕೊಡಲು ಸಿದ್ಧವೇ ಎಂದು ‘ಮಹಾಜನ ವರದಿಯೇ ಅಂತಿಮ’ ಎನ್ನುವ ಯಾವ ತರುಣನನ್ನಾದರೂ ಕೇಳಿ ನೋಡಿರಿ. ಅವನು ಬೆರಗಾಗುತ್ತಾನೆ, ಆಮೇಲೆ ಸಿಟ್ಟಾಗುತ್ತಾನೆ. ರಾಯಣ್ಣನ ಬಲಿದಾನವನ್ನು ಅವನು ಒಂದು ಪಾಠದಲ್ಲಿ ಓದಿದ, ಏಕೀಕರಣ ಮತ್ತು ಗಡಿಯ ಕಥೆಯನ್ನು ಇನ್ನೊಂದು ಪಾಠದಲ್ಲಿ ಓದಿದ. ಎರಡೂ ನಂದಗಡದಲ್ಲಿ ಬಂದು ಕೂಡುತ್ತವೆಂದು ಅವನಿಗೆ ಯಾರೂ ತೋರಿಸಲಿಲ್ಲ. ಮೊದಲ ಪಾಠದಿಂದ ಭಾವನೆ ಬಂತು, ಎರಡನೆಯದರಿಂದ ಘೋಷಣೆ ಬಂತು. 2022ರ ಡಿಸೆಂಬರಿನಲ್ಲಿ ನಮ್ಮ ವಿಧಾನಮಂಡಲವು ಒಂದಿಂಚು ನೆಲವನ್ನೂ ಬಿಟ್ಟುಕೊಡುವುದಿಲ್ಲವೆಂದು ಸರ್ವಾನುಮತದಿಂದ ನಿರ್ಣಯಿಸಿತು. ಕೆಲವೇ ದಿನಗಳಲ್ಲಿ ಮಹಾರಾಷ್ಟ್ರದ ಶಾಸನಸಭೆಯು 865 ಊರುಗಳ ಪ್ರತಿಯೊಂದು ಇಂಚಿಗಾಗಿ ಕಾನೂನು ಹೋರಾಟ ಮಾಡುವುದಾಗಿ ನಿರ್ಣಯಿಸಿತು. ಒಂದಿಂಚನ್ನೂ ಬಿಡೆವೆಂಬ ಮಾತೂ 264 ಊರುಗಳನ್ನು ಬಿಡಿಸುವ ವರದಿಯೂ ಒಂದೇ ಬಾಯಲ್ಲಿ ಹೇಗೆ ನಿಲ್ಲುತ್ತವೆಂದು ಈಚೆಯಲ್ಲಿ ಯಾರೂ ಕೇಳಲಿಲ್ಲ. ತಾನೇ ಬೇಡಿ ಪಡೆದ ಆಯೋಗದ ತೀರ್ಮಾನವನ್ನು ತಿರಸ್ಕರಿಸಿದ್ದೇಕೆಂದು ಆಚೆಯಲ್ಲಿ ಕೇಳುವವರೂ ವಿರಳ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆಗೆ ಇನ್ನೂ ತೀರ್ಪು ಬಂದಿಲ್ಲ.

ಗಡಿಯನ್ನು ಎಳೆದದ್ದರಲ್ಲಿಯೂ ಶಾಲೆಯ ಕೈ ಇದೆಯೆಂಬುದು ಪಾಠಗಳಲ್ಲಿ ಹೆಚ್ಚಾಗಿ ಕಾಣದ ಸಂಗತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿಯೇ ಬೋಧನೆಯ ಭಾಷೆಯಾಗಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚೆನ್ನಬಸಪ್ಪನವರು ಪಟ್ಟುಹಿಡಿದು ಕನ್ನಡ ಶಾಲೆಗಳನ್ನು ತೆರೆಯಿಸಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಹೊರಬಂತು. ಹಂಚಿಹೋಗಿದ್ದ ಜನರಿಗೆ ತಾವು ಒಂದೆಂದು ಹೇಳಲು ಆ ಹೊತ್ತಿಗೆ ಪುಲಕೇಶಿ, ವಿಜಯನಗರಗಳ ವೈಭವ ಬೇಕಾಗಿತ್ತು. ಆ ಪುಸ್ತಕದ ಋಣ ನಮ್ಮ ಮೇಲಿದೆ. ಆದರೆ ರಾಜ್ಯ ಕಟ್ಟಿಕೊಳ್ಳುವವರಿಗೆ ಬರೆದ ಚರಿತ್ರೆಯನ್ನು, ರಾಜ್ಯ ದೊರೆತು ಎರಡು ಮೂರು ತಲೆಮಾರುಗಳಾದ ಮೇಲೂ, ನೆರೆಯವರೊಡನೆ ಬಾಳಬೇಕಾದ ಮಕ್ಕಳಿಗೆ ಅದೇ ಧಾಟಿಯಲ್ಲಿ ಕಲಿಸಬೇಕೇ?

ಹೊರದೇಶದ ಒಂದು ಉದಾಹರಣೆ ನಮ್ಮ ಮಕ್ಕಳ ಕೈಯಲ್ಲಿಯೇ ಇದೆ. ಕೇಂದ್ರೀಯ ಪಠ್ಯಕ್ರಮದ 12ನೆಯ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಅಲ್ಫೋನ್ಸ್ ದೋದೆಯ ‘ಕೊನೆಯ ಪಾಠ’ ಎಂಬ ಕಥೆಯಿದೆ. 1871ರಲ್ಲಿ ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯವು ಜರ್ಮನಿಯ ವಶವಾಯಿತು. ನಾಳೆಯಿಂದ ಶಾಲೆಯಲ್ಲಿ ಜರ್ಮನ್ ಮಾತ್ರ ಎಂಬ ಆಜ್ಞೆ ಬಂದಿದೆ. ಮುದಿ ಮೇಷ್ಟರು ಕಡೆಯ ಬಾರಿ ಫ್ರೆಂಚ್ ಕಲಿಸುತ್ತಾರೆ. ಓದಿದವರ ಕಣ್ಣು ತೇವಗೊಳ್ಳುತ್ತದೆ. ಕಥೆ ಹೇಳದಿರುವ ಸಂಗತಿಯೆಂದರೆ, ಆಲ್ಸೇಸಿನ ಹೆಚ್ಚಿನ ಹಳ್ಳಿಗರ ಮನೆಮಾತು ಜರ್ಮನ್ ಭಾಷೆಯದೇ ಒಂದು ಉಪಭಾಷೆ. ಕಥೆಯ ಅಳಲು ಸುಳ್ಳಲ್ಲ. ಹಳ್ಳಿಗರ ಬಾಯಲ್ಲಿದ್ದ ನುಡಿ ಮಾತ್ರ ಅದರಲ್ಲಿ ಕಾಣೆಯಾಗಿದೆ. ಎರಡು ಮಹಾಯುದ್ಧಗಳ ನಂತರ, 2006ರಲ್ಲಿ, ಆ ಎರಡು ದೇಶಗಳ ಅಧ್ಯಾಪಕರು ಸೇರಿ ಒಂದೇ ಚರಿತ್ರೆ ಪುಸ್ತಕವನ್ನು ಎರಡು ಭಾಷೆಗಳಲ್ಲಿ ಹೊರತಂದರು. ಅಷ್ಟು ರಕ್ತ ಹರಿದವರಿಗೆ ಸಾಧ್ಯವಾದದ್ದು ನಮಗೆ ಏಕೆ ಸಾಧ್ಯವಾಗಬಾರದು?

ಪವಿತ್ರ ಗ್ರಂಥವನ್ನು ಓದುವವರಿಗೆ ಇದು ಹೊಸದೇನೂ ಅಲ್ಲ. ಅರಸ ದಾವೀದನು ಊರೀಯನ ಹೆಂಡತಿಯನ್ನು ಅಪಹರಿಸಿ, ಊರೀಯನನ್ನು ಕೊಲ್ಲಿಸಿದ ಕಥೆ ಸಮುವೇಲನ ಎರಡನೆಯ ಗ್ರಂಥದಲ್ಲಿದೆ. ಅದೇ ರಬ್ಬಾ ಪಟ್ಟಣದ ಮುತ್ತಿಗೆಯನ್ನು ಪೂರ್ವಕಾಲ ವೃತ್ತಾಂತದ ಲೇಖಕನೂ ಬರೆದಿದ್ದಾನೆ. ದಾವೀದನ ಪಾಪದ ಸುದ್ದಿ ಅಲ್ಲಿಲ್ಲ. ಗ್ರಂಥಗಳನ್ನು ಕೂಡಿಸಿದವರು ಒಂದನ್ನಿಟ್ಟು ಇನ್ನೊಂದನ್ನು ಕಿತ್ತೆಸೆಯದೆ, ಎರಡನ್ನೂ ಒಂದೇ ಹೊತ್ತಗೆಯಲ್ಲಿ ಕಟ್ಟಿದರು.

ಹಾಗೆ ಕಟ್ಟುವುದಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿ ಸಿದ್ಧವಾಗಿಯೇ ಇದೆ. ಕರ್ನಾಟಕ ಪಠ್ಯಪುಸ್ತಕ ಸಂಘವು ಮರಾಠಿ ಮಾಧ್ಯಮದ ಶಾಲೆಗಳಿಗಾಗಿ ಮರಾಠಿಯಲ್ಲಿ ಪುಸ್ತಕಗಳನ್ನು ಮುದ್ರಿಸುತ್ತದೆ. ಪುಣೆಯ ಬಾಲಭಾರತಿ ಸಂಸ್ಥೆಯು ಮಹಾರಾಷ್ಟ್ರದ ಕನ್ನಡ ಶಾಲೆಗಳಿಗಾಗಿ ಕನ್ನಡದಲ್ಲಿ ಮುದ್ರಿಸುತ್ತದೆ. ಹೀಗಾಗಿ ಖಾನಾಪುರದ ಮರಾಠಿ ಹುಡುಗಿ ರಾಯಣ್ಣನ ಕಥೆಯನ್ನು ಮರಾಠಿಯಲ್ಲಿ ಓದುತ್ತಾಳೆ. ಜತ್ತ, ಅಕ್ಕಲಕೋಟೆಗಳ ಕನ್ನಡ ಹುಡುಗ ಶಿವಾಜಿಯ ಕಥೆಯನ್ನು ಕನ್ನಡದಲ್ಲಿ ಓದುತ್ತಾನೆ. ಇಬ್ಬರ ತಲೆಯಲ್ಲೂ ಎರಡೂ ಕಡೆಯ ಚರಿತ್ರೆಯ ತುಣುಕುಗಳು ಬೆರೆತಿವೆ. ಗಡಿಯಿಂದ ದೂರದ ಬೆಂಗಳೂರು, ಪುಣೆಗಳ ಮಕ್ಕಳಿಗೆ ಆ ಲಾಭವಿಲ್ಲ. ಆದರೂ ಪತ್ರಿಕೆಗಳಲ್ಲಿ, ಬೀದಿಯಲ್ಲಿ ಏರುವ ದನಿ ಹೆಚ್ಚಾಗಿ ಅವರದು. ಜತ್ತದ ಹಳ್ಳಿಗಳು ಕರ್ನಾಟಕಕ್ಕೆ ಸೇರುವುದಾಗಿ 2012ರಲ್ಲಿ ಠರಾವು ಮಾಡಿದ್ದವು. ಆ ಸಂಗತಿ 2022ರಲ್ಲಿ ಮತ್ತೆ ಸುದ್ದಿಯಾಯಿತು. ಆ ಠರಾವಿಗೆ ಕಾರಣವಾದದ್ದು ಚಾಲುಕ್ಯರ ವೈಭವವಲ್ಲ, ಕುಡಿಯುವ ಮತ್ತು ಬೇಸಾಯದ ನೀರಿನ ಬರ. ಚರಿತ್ರೆ ಪಾಠದಿಂದ ಬೆಳೆದ ಅಭಿಪ್ರಾಯಕ್ಕೂ ಗಡಿಯ ಮನೆಯ ಚಿಂತೆಗೂ ಇಷ್ಟು ಅಂತರವಿದೆ.

ಪಠ್ಯಪುಸ್ತಕ ತಿದ್ದುವ ಅಧಿಕಾರ ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಆದರೆ ರಾತ್ರಿ ಮಕ್ಕಳ ಪಕ್ಕದಲ್ಲಿ ಕುಳಿತು ಪಾಠ ಓದಿಸುವವರು ನೀವು. ಏಕೀಕರಣದ ಪಾಠ ಬಂದಾಗ ಒಂದು ಭೂಪಟವನ್ನು ಮೇಜಿನ ಮೇಲೆ ಬಿಡಿಸಿರಿ. ಕಣಕುಂಬಿಯಿಂದ ಶಿವಯೋಗ ಮಂದಿರದವರೆಗೆ ಮಲಪ್ರಭೆಯ ಗೆರೆಯ ಮೇಲೆ ಮಗುವಿನ ಬೆರಳನ್ನು ಓಡಿಸಿರಿ. ನಂದಗಡವನ್ನು ಹುಡುಕಲು ಹೇಳಿರಿ, ಅಕ್ಕಲಕೋಟೆಯನ್ನೂ ಹುಡುಕಲು ಹೇಳಿರಿ. 264 ಮತ್ತು 247 ಎಂಬ ಎರಡು ಸಂಖ್ಯೆಗಳನ್ನು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಿಸಿರಿ. ಆ ಊರುಗಳಲ್ಲಿರುವವರನ್ನು ಯಾರಾದರೂ ಕೇಳಿದ್ದಾರೆಯೇ ಎಂದು ಮಗು ಪ್ರಶ್ನಿಸಿದರೆ, ಆ ಪ್ರಶ್ನೆಯನ್ನೂ ಅಲ್ಲಿಯೇ ಕೆಳಗೆ ಬರೆದುಕೊಳ್ಳಲು ಬಿಡಿರಿ.