ಶಿಂಷೆಯನ್ನು ಕಾಣದ ನಕ್ಷೆ

ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಗೆ ನಮ್ಮ ವಿದ್ಯಾವಂತರಲ್ಲಿ ಶಾಸ್ತ್ರಗ್ರಂಥಕ್ಕೆ ಸಲ್ಲತಕ್ಕ ಗೌರವವು ಸಲ್ಲುತ್ತಿದೆ. ಬರುವ ವರ್ಷದ ಆದ್ಯತೆಗಳನ್ನು ಚರ್ಚಿಸುವವರು ಬಡಾವಣೆ ಯಾವ ದಿಕ್ಕಿಗೆ ಬೆಳೆಯಬೇಕು, ರಸ್ತೆ ಎಷ್ಟು ಅಗಲವಿರಬೇಕು ಎಂದು ವಾದಿಸುವರೇ ಹೊರತು, ವಸತಿಗೊಂದು ಕೈಗಾರಿಕೆಗೊಂದು ಕೃಷಿಗೊಂದು ಬಣ್ಣ ಬಳಿದ ಆ ನಕ್ಷೆಯ ಪ್ರಾಮಾಣ್ಯವೆಷ್ಟೆಂದು ಕೇಳುವುದಿಲ್ಲ. ಉದ್ಯಾನಗಳಿಗೂ ರಸ್ತೆಗಳಿಗೂ ನೆಲವನ್ನು ಮೀಸಲಿರಿಸುವ ಉಪಕಾರ ಅದರಿಂದ ಆಗುವುದುಂಟು. ಆದರೂ ಆ ಗೌರವವು ಅದರ ಯೋಗ್ಯತೆಯನ್ನು ಬಹುವಾಗಿ ಮೀರಿದುದೆಂದೇ ನನ್ನ ನಿರ್ಣಯ.

ಕಾರಣವು ನಕ್ಷೆಗಿಂತ ಹೆಚ್ಚಾಗಿ ಅದಕ್ಕೆ ಆಧಾರವಾದ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಲ್ಲಿದೆ. ಹತ್ತು ವರ್ಷಕ್ಕೊಮ್ಮೆಯಾದರೂ ಯೋಜನೆಯನ್ನು ಪರಿಷ್ಕರಿಸತಕ್ಕದ್ದೆಂದು ವಿಧಿಸುವ ಆ ಶಾಸನಕ್ಕೆ ತರುವಾಯ ಸೇರಿದ 14-ಎ ಪ್ರಕರಣವು, ಸರಕಾರದ ಪೂರ್ವಾನುಮತಿಯಿದ್ದಲ್ಲಿ ಭೂಉಪಯೋಗವನ್ನು ನಡುವೆಯೇ ಬದಲಿಸಬಹುದೆನ್ನುತ್ತದೆ. ಅದು ಹೇಳುವ ಕಾರಣಗಳನ್ನು ಒಂದೊಂದಾಗಿ ತೂಗಿ ನೋಡಬೇಕು. ಭೂಲಕ್ಷಣದ ಅಥವಾ ನಕ್ಷಾಲೇಖನದ ದೋಷ, ಬಿಟ್ಟುಹೋದ ವಿವರ, ಪೂರ್ಣವಾಗಿ ತೋರಿಸದ ಅಂಶ: ಇವೆಲ್ಲ ನಕ್ಷೆಯ ಮೈಯಲ್ಲಿರುವ ತಪ್ಪುಗಳು, ಸರ್ವೆಯವರು ನೆಲಕ್ಕಿಳಿದು ಅಳೆದರೆ ನಿಜವು ತಿಳಿದೀತು. ಆದರೆ ಆ ಸಾಲಿನ ಕೊನೆಯಲ್ಲಿ, ಆಯಾ ಕಾಲದಲ್ಲಿರುವ ಪರಿಸ್ಥಿತಿಗಳು ಎಂಬ ಕಾರಣವೂ ಬಂದು ಕೂಡುತ್ತದೆ. ಯಾವ ಕಾಲದಲ್ಲಿ ಪರಿಸ್ಥಿತಿಯೆಂಬುದು ಇರುವುದಿಲ್ಲ? ದೋಷವನ್ನು ತಿದ್ದುವುದಕ್ಕೆಂದು ಆರಂಭವಾದ ವಾಕ್ಯವು, ದೋಷವೇ ಇಲ್ಲದ ನಕ್ಷೆಯನ್ನೂ ಬದಲಿಸುವ ಅಧಿಕಾರದಲ್ಲಿ ಪರ್ಯವಸಾನವಾಗುತ್ತದೆ. ಸಾರ್ವಜನಿಕ ಹಿತವಿರಬೇಕು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗಳನ್ನು ಕರೆಯಬೇಕು ಎಂಬ ನಿರ್ಬಂಧಗಳೇನೋ ಇವೆ. ಆದರೆ ಪ್ರಕಟಣೆಯು ಒಂದು ಊರಿನ ಒಂದು ಸರ್ವೆ ನಂಬರನ್ನು ಕುರಿತದ್ದು. ಮೇಲುಭಾಗದ ಹಳ್ಳದ ಪಕ್ಕದಲ್ಲಿ ಎರಡೆಕರೆ ಹೊಲವು ನಿವೇಶನವಾದರೆ ತನ್ನ ಕೆರೆಗೆ ಏನಾದೀತೆಂದು ಕೆಳಗಿನ ಅಚ್ಚುಕಟ್ಟಿನ ರೈತನು ಅದರಿಂದ ತಿಳಿಯುವ ಬಗೆಯಿಲ್ಲ. ಒಂದೊಂದು ಬದಲಾವಣೆಯೂ ಅತ್ಯಲ್ಪವೆಂದು ತೋರುತ್ತದೆ. ಅವುಗಳ ಒಟ್ಟು ಮೊತ್ತವನ್ನು ಕೂಡಿ ನೋಡಬೇಕೆಂದು ಪ್ರಕರಣವು ಯಾರಿಗೂ ವಿಧಿಸಿಲ್ಲ.

ಇಲ್ಲಿ, ಯೋಜನೆ ಸಮರ್ಪಕವಾಗಿದೆ, ಅನುಷ್ಠಾನ ಮಾತ್ರ ದುರ್ಬಲವೆಂದು ಪ್ರತಿಪಾದಿಸುವ ವಿಮರ್ಶಕರೊಡನೆ ನನಗೆ ಗಂಭೀರವಾದ ಭಿನ್ನಾಭಿಪ್ರಾಯವಿದೆ. ಅವರ ದೃಷ್ಟಿಯೆಲ್ಲ ಒತ್ತುವರಿಯ ಮೇಲೆ, ಅನಧಿಕೃತ ಕಟ್ಟಡಗಳ ಮೇಲೆ. ಒತ್ತುವರಿಯು ಅಪರಾಧವೇ ಸರಿ. ಆದರೆ 14-ಎ ಅನ್ವಯ ಅನುಮತಿ ಪಡೆದವನು ಯಾವ ನಿಯಮವನ್ನೂ ಮುರಿದವನಲ್ಲ. ಅವನ ವಿಷಯದಲ್ಲಿ ಅನುಷ್ಠಾನವು ನಿರ್ದುಷ್ಟವಾಗಿ ನಡೆದಿದೆ, ಕೆರೆಗೆ ಬರುವ ನೀರು ಮಾತ್ರ ತಪ್ಪಿದೆ. ಪರಿಸ್ಥಿತಿಗಳು ಹಠಾತ್ತಾಗಿ ಬಂದೊದಗುವುವೆಂದೂ, ಕಾನೂನು ಬಾಗದಿದ್ದರೆ ಊರು ಬೆಳೆಯದೆಂದೂ ಅವರು ಇನ್ನೊಂದು ವಾದವನ್ನು ಮುಂದಿಡುತ್ತಾರೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆಯಾದುದು 2016ರ ಜನವರಿಯಲ್ಲಿ, ಉದ್ಘಾಟನೆಯಾದುದು 2023ರ ಫೆಬ್ರವರಿಯಲ್ಲಿ. ಏಳು ವರ್ಷ ಮೊದಲೇ ಗೊತ್ತಿದ್ದುದು ಹಠಾತ್ತೆಂದು ಹೇಗಾದೀತು? ಕುಣಿಗಲಿನ ಚಾರಿತ್ರಿಕ ಅಶ್ವಶಾಲೆಯ 400 ಎಕರೆಗೂ ಮಿಕ್ಕ ಬಯಲಿನಲ್ಲಿ ಉಪನಗರ ನಿರ್ಮಿಸುವ ಪ್ರಸ್ತಾಪವೂ ಅಕಸ್ಮಾತ್ತಾಗಿ ಬಂದುದಲ್ಲ. ಬೆಂಗಳೂರು ಪಶ್ಚಿಮಕ್ಕೆ ಚಾಚುತ್ತಿರುವುದನ್ನು ಎಲ್ಲರೂ ಕಂಡಿದ್ದಾರೆ. ಇಂಥ ನಿರೀಕ್ಷಿತ ಬೆಳವಣಿಗೆಗೆ ಉತ್ತರವು ಬಿಡಿಬಿಡಿ ಅನುಮತಿಗಳಲ್ಲ, ಸಮಗ್ರ ಪರಿಷ್ಕರಣೆ.

ಆ ಸಮಗ್ರತೆಯನ್ನು ಹೊಣೆಯಾಗಿ ಪಡೆದ ಸಂಸ್ಥೆಯು ಬೇರೊಂದಿದೆ. ಅದನ್ನು ಯಾರೂ ಸ್ಮರಿಸುವುದಿಲ್ಲ. ಸಂವಿಧಾನದ 243-ಝಡ್‌ಡಿ ಅನುಚ್ಛೇದದಂತೆ ರಚಿತವಾಗಬೇಕಾದ ಜಿಲ್ಲಾ ಯೋಜನಾ ಸಮಿತಿಯು, ಪಂಚಾಯಿತಿಗಳಿಗೂ ಪುರಸಭೆಗಳಿಗೂ ಸಮಾನವಾದ ವಿಷಯಗಳನ್ನು, ಅವುಗಳಲ್ಲಿ ನೀರಿನ ಹಂಚಿಕೆಯನ್ನೂ, ಕುರಿತು ಇಡೀ ಜಿಲ್ಲೆಗೆ ಕರಡು ಯೋಜನೆ ರಚಿಸತಕ್ಕದ್ದು. ದೇವರಾಯನದುರ್ಗದಲ್ಲಿ ಹುಟ್ಟಿದ ಶಿಂಷೆಯು ಗುಬ್ಬಿ ತಾಲ್ಲೂಕನ್ನು ಹಾದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ತಂಗುತ್ತದೆ; ನಗರದ ಯೋಜನಾ ಪ್ರದೇಶದ ಗೆರೆಯು ಆ ನದಿಗೆ ತಿಳಿಯದು. ಹೇಮಾವತಿ ಸಂಪರ್ಕ ಕಾಲುವೆಯ ವಿಷಯದಲ್ಲಿ ಗುಬ್ಬಿಯೂ ಕುಣಿಗಲೂ ಎದುರುಬದುರಾಗಿ ನಿಂತ ದುಃಖಕರ ಪ್ರಸಂಗವನ್ನು ನೋಡಿದ ಮೇಲೂ, ಸ್ವಂತ ಕೆರೆಗಳ ಜಲಾನಯನವನ್ನು ರಕ್ಷಿಸದೆ ದೂರದ ನೀರಿಗಾಗಿ ಕಾದಾಡುವುದು ಸರಿಯೆ?

ಆದುದರಿಂದ ಬರುವ ವರ್ಷದ ಪ್ರಥಮ ಕರ್ತವ್ಯವಿದು: ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ತಾಲ್ಲೂಕುಗಳ ಕೆರೆ, ಹಳ್ಳ, ಕೋಡಿಗಳನ್ನು ಒಂದೇ ಹಾಳೆಯ ಮೇಲೆ ತರುವ ನಕ್ಷೆಯನ್ನು ಜಿಲ್ಲಾ ಯೋಜನಾ ಸಮಿತಿಯು ರಚಿಸಿ ಪ್ರಕಟಿಸಬೇಕು, ಅಲ್ಲಿಯವರೆಗೆ ಕೆರೆಗಳ ಜಲಾನಯನದೊಳಗೆ ಪರಿಸ್ಥಿತಿಯ ಹೆಸರಿನಲ್ಲಿ ಬರುವ ಯಾವ ಬದಲಾವಣೆಯನ್ನೂ ಪ್ರಾಧಿಕಾರವು ಪುರಸ್ಕರಿಸಕೂಡದು.