ಲಾರಿ ನಂಬರು ಬರೆದುಕೊಂಡವರು ಯಾರು?

ಹೆದ್ದಾರಿ ಎಂದರೆ ಸಿನಿಮಾದವರಿಗೆ ಓಡುವ ಜಾಗ. ನಮಗೆ ಅದು ದಾಟುವ ಜಾಗ. ಹುಳಿಯಾರಿನ ಮೇಲೆ ಹಾದುಹೋಗುವ ರಸ್ತೆಗೆ ಈಗ ರಾಷ್ಟ್ರೀಯ ಹೆದ್ದಾರಿ 150ಎ ಎಂದು ಹೆಸರು. ಜೇವರ್ಗಿಯಿಂದ ಹೊರಟು ಬಳ್ಳಾರಿ, ಹಿರಿಯೂರು ದಾಟಿ ಇಲ್ಲಿಗೆ ಬರುತ್ತದೆ. ಇಲ್ಲಿಂದ ಚಿಕ್ಕನಾಯಕನಹಳ್ಳಿ, ನಾಗಮಂಗಲದ ಮೇಲೆ ಮೈಸೂರಿನ ಕಡೆಗೆ ಇಳಿಯುತ್ತದೆ. ನಡುವೆ ಲಾರಿಗಳಲ್ಲಿ ಕೊಬ್ಬರಿ ಮೂಟೆ, ಎಳನೀರು. ಅಂಚಿನಲ್ಲಿ ಕಾಯಿ ಸುಲಿಯುವ ಕೂಲಿಗೆ ಹೊರಟ ನಮ್ಮವರು, ಗರಿ ಹೊರೆ ಹೊತ್ತ ನಮ್ಮ ಹೆಂಗಸರು.

2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಳನ್ನು ನಿಲ್ಲಿಸುವ ತನಕ ಈ ಸೀಮೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳದೇ ರಾಜ್ಯಭಾರ. ರಸ್ತೆ ಬದಿಯ ತೆಂಗಿನ ಗರಿಗಳು ಕೆಂಪಗಾಗಿದ್ದವು. ಆಗ ನಾವು ಪ್ರೈಮರಿ ಶಾಲೆಯ ಹುಡುಗರು. ಒಂದು ಸಂಜೆಗತ್ತಲಲ್ಲಿ ನಮ್ಮ ಕೇರಿಯ ಅಜ್ಜಿಯೊಬ್ಬಳನ್ನು ಲಾರಿಯೊಂದು ಹೊಡೆದುಕೊಂಡು ಹೋಯಿತು. ಗರಿ ಹೊರೆ ಒಂದು ಕಡೆ, ಅಜ್ಜಿ ಒಂದು ಕಡೆ. ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ನಂಬರ್ ಯಾರಾದ್ರೂ ನೋಡಿದ್ರೇನ್ರೋ?" ನೋಡಿದವರಿದ್ದರು, ಅವರಿಗೆ ಓದಲು ಬರುತ್ತಿರಲಿಲ್ಲ. ಓದಲು ಬರುವವರೂ ಇದ್ದರು, ಅವರು ಬಾಯಿ ಬಿಡಲಿಲ್ಲ. ಕೇಸು ಅಲ್ಲಿಗೇ ಮುಗಿಯಿತು.

ಈ ಹಳೆಯ ಮಾತು ಈಗೇಕೆ ಎಂದರೆ, ಮೊನ್ನೆ ಹುಳಿಯಾರಿನ ಬಾಡಿಗೆ ಕೋಣೆಯೊಂದರಲ್ಲಿ ನಾವು ಹತ್ತು ಹನ್ನೆರಡು ಜನ ಕೂತು ಎರಡು ಸಿನಿಮಾ ನೋಡಿದೆವು. ಎರಡೂ ರಸ್ತೆಯ ಸಿನಿಮಾ, ಎರಡೂ ಸೇಡಿನ ಸಿನಿಮಾ. ಕಾಲೇಜು ಹುಡುಗರಿದ್ದರು, ಒಬ್ಬರು ಮೇಷ್ಟ್ರಿದ್ದರು, ಕಾಯಿ ಸುಲಿಯುವ ಅಣ್ಣನೊಬ್ಬರು ಕೆಲಸ ಮುಗಿಸಿ ಹಾಗೇ ಬಂದು ಕೂತಿದ್ದರು.

ಮೊದಲನೆಯದು ಕನ್ನಡದ್ದೇ. ಪವನ್ ಕುಮಾರ್ ಅವರ 'ಯೂ ಟರ್ನ್', 2016ರದು. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರು. ಸುತ್ತಿಕೊಂಡು ಹೋಗಲು ಬೇಸರಪಟ್ಟವರು ರಸ್ತೆ ನಡುವಿನ ಕಲ್ಲು ಸರಿಸಿ ಗಾಡಿ ತಿರುಗಿಸುತ್ತಾರೆ. ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ. ಹಾಗೆ ಉಳಿದ ಕಲ್ಲಿನಿಂದ ಒಬ್ಬ ತಾಯಿ, ಒಂದು ಮಗು ಸಾಯುತ್ತಾರೆ. ಸತ್ತ ತಾಯಿ ದೆವ್ವವಾಗಿ, ಕಲ್ಲು ಸರಿಸಿದವರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾಳೆ. ಕೊನೆಗೆ ನೋಡಿದರೆ ಆ ದಿನದ ಕಲ್ಲು ಸರಿಸಿದವನು ಅವಳ ಗಂಡನೇ. ಅವನನ್ನು ಅವಳು ಕೊಲ್ಲುವುದಿಲ್ಲ, ತಪ್ಪು ಹೊತ್ತುಕೊಂಡು ಬದುಕು ಎಂದು ಬಿಟ್ಟುಹೋಗುತ್ತಾಳೆ.

ಬಿಗಿಯಾದ ಸಿನಿಮಾ, ಅದರಲ್ಲಿ ಎರಡು ಮಾತಿಲ್ಲ. ಹೀರೋ ಇಲ್ಲ, ಹೊಡೆದಾಟವಿಲ್ಲ. ಸಣ್ಣ ತಪ್ಪಿನ ಹಿಂದೆ ದೊಡ್ಡ ಸಾವಿರುತ್ತದೆ ಎಂದು ಹೇಳುವ ಧೈರ್ಯ ಅದಕ್ಕಿದೆ. ಆದರೆ ನಮ್ಮ ಕಣ್ಣು ಬಿದ್ದದ್ದು ಬೇರೆ ಕಡೆ. ಆ ಫ್ಲೈಓವರಿನ ಮೇಲೆ ಒಬ್ಬ ನಿರ್ಗತಿಕನಿದ್ದಾನೆ. ಕಲ್ಲು ಸರಿಸುವ ಗಾಡಿಗಳ ನಂಬರನ್ನು ಬರೆದಿಟ್ಟು, ಪತ್ರಿಕೆಯ ಹುಡುಗಿಗೆ ಕೊಟ್ಟು ಒಂದಿಷ್ಟು ಕಾಸು ಪಡೆಯುತ್ತಾನೆ. ಕತೆಯೆಲ್ಲ ಅವನ ಚೀಟಿಯ ಮೇಲೆ ನಿಂತಿದೆ. ಅವನು ಬರೆಯದಿದ್ದರೆ ಪತ್ರಿಕೆಯ ಹುಡುಗಿಯೂ ಇಲ್ಲ, ಪೋಲೀಸೂ ಇಲ್ಲ, ಸಿನಿಮಾವೂ ಇಲ್ಲ. ಆದರೂ ಅವನು ಯಾವ ಊರಿನವನು, ರಸ್ತೆಗೆ ಯಾಕೆ ಬಂದ, ರಾತ್ರಿ ಎಲ್ಲಿ ಮಲಗುತ್ತಾನೆ ಎಂದು ಕ್ಯಾಮೆರಾ ಕೇಳುವುದಿಲ್ಲ. ಗಾಡಿಯಲ್ಲಿ ಹೋಗುವವರ ಪಾಪಪ್ರಜ್ಞೆಯನ್ನು ಎರಡು ಗಂಟೆ ತೂಗಿ ನೋಡುವ ಸಿನಿಮಾಕ್ಕೆ ರಸ್ತೆಯಲ್ಲೇ ಬದುಕುವವನು ಒಬ್ಬ ಗುಮಾಸ್ತ, ಅಷ್ಟೇ. ಎಂಬತ್ತರ ದಶಕದ ನಡುವಿನಲ್ಲಿ ಶಂಕರ್ ನಾಗ್ 'ಆಕ್ಸಿಡೆಂಟ್' ಮಾಡಿದಾಗ, ರಾಜಕಾರಣಿಯ ಮಗನ ಕಾರಿನಡಿ ಸಿಕ್ಕವರು ಫುಟ್‌ಪಾತಿನ ಮೇಲೆ ಮಲಗಿದ ಬಡವರು. ಅಲ್ಲಿ ಕಾರು ಯಾರದು, ಫುಟ್‌ಪಾತು ಯಾರದು ಎಂಬ ವ್ಯತ್ಯಾಸ ಸ್ಪಷ್ಟವಾಗಿತ್ತು. ಮೂವತ್ತು ವರ್ಷ ಕಳೆದ ಮೇಲೆ ಆ ವ್ಯತ್ಯಾಸ ಬರಿಯ ಟ್ರಾಫಿಕ್ ರೂಲ್ಸಿಗೆ ಬಂದು ನಿಂತಿದೆ.

ಎರಡನೆಯದು ಹಿಂದಿಯ 'ಎನ್‌ಎಚ್ 10'. ನವದೀಪ್ ಸಿಂಗ್ ನಿರ್ದೇಶನ, 2015ರದು. ಗುರುಗ್ರಾಮದ ಗಂಡ ಹೆಂಡತಿ, ಅರ್ಜುನ್ ಮತ್ತು ಮೀರಾ, ಕಾರು ಹತ್ತಿ ರಜೆಗೆಂದು ಹೊರಡುತ್ತಾರೆ. ಹೆದ್ದಾರಿಯ ಢಾಬಾದಲ್ಲಿ, ಮನೆಯವರು ಒಪ್ಪದ ಮದುವೆ ಮಾಡಿಕೊಂಡ ಹುಡುಗ ಹುಡುಗಿಯನ್ನು ಹುಡುಗಿಯ ಅಣ್ಣನ ಕಡೆಯವರು ಎಳೆದೊಯ್ಯುವುದನ್ನು ನೋಡುತ್ತಾರೆ. ಹಿಂದೆ ಹೋಗುತ್ತಾರೆ, ಕೊಲೆಗೆ ಸಾಕ್ಷಿಯಾಗುತ್ತಾರೆ. ಆಮೇಲೆ ಇವರೇ ಬೇಟೆ. ಗಂಡ ಸಾಯುತ್ತಾನೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳುವುದಿಲ್ಲ. ಕೊನೆಗೆ ಮೀರಾ ಕೊಲೆಗಾರರ ಮೇಲೆ ಗಾಡಿ ಹತ್ತಿಸಿ, ಕಬ್ಬಿಣದ ರಾಡು ಹಿಡಿದು ಲೆಕ್ಕ ಚುಕ್ತಾ ಮಾಡುತ್ತಾಳೆ.

ಈ ಸಿನಿಮಾದಲ್ಲಿ ನಿಜವಿದೆ. ಮಗಳನ್ನು ಕೊಲ್ಲಿಸಿದ ತಾಯಿಯೇ ಊರಿನ ಸರಪಂಚೆ. ಹೆಣ್ಣು ಕುರ್ಚಿಯಲ್ಲಿ ಕೂತಮಾತ್ರಕ್ಕೆ ಕುರ್ಚಿಯ ಜಾತಿ ಬದಲಾಗುವುದಿಲ್ಲ ಎಂಬುದನ್ನು ಅದು ಮುಚ್ಚಿಡಲಿಲ್ಲ. ಪೋಲೀಸು ಅಧಿಕಾರಿ ಜೀಪಿನಲ್ಲಿ ಕೂರಿಸಿಕೊಂಡು ಮೀರಾಳ ಜಾತಿ ಕೇಳುವ ದೃಶ್ಯ ಬಂದಾಗ ನಮ್ಮ ಕೋಣೆ ತಣ್ಣಗಾಯಿತು. ಆ ಪ್ರಶ್ನೆ ನಮಗೆ ಹೊಸದಲ್ಲ. ಹೊಸದು ಮೀರಾಳಿಗೆ.

ನಮ್ಮ ತಕರಾರು ಇರುವುದೂ ಅಲ್ಲೇ. ಈ ಸಿನಿಮಾದ ಪ್ರಕಾರ ಜಾತಿ ಎಂಬುದು ನಗರದ ದೀಪ ಮುಗಿದ ಮೇಲೆ ಶುರುವಾಗುವ ಕಾಡು. ಟೋಲ್‌ಗೇಟಿನ ಈಚೆ ಸಂವಿಧಾನ, ಆಚೆ ಖಾಪ್ ಪಂಚಾಯಿತಿ. ಹಾಗಿದ್ದರೆ ಬೆಂಗಳೂರಿನಲ್ಲಿ ನಾವು ಬಾಡಿಗೆ ಮನೆ ಕೇಳಲು ಹೋದಾಗ "ನೀವು ವೆಜ್ಜಾ?" ಎಂದು ಕೇಳುವವರು ಯಾವ ಕಾಡಿನವರು? ಹರಿಯಾಣ ದೂರ ಎಂದುಕೊಳ್ಳುವವರಿಗೂ ಒಂದು ಮಾತು. ನಮ್ಮ 150ಎ ರಸ್ತೆ ನಾಗಮಂಗಲದಲ್ಲಿ ಮುಟ್ಟುವ ಮಂಡ್ಯ ಜಿಲ್ಲೆಯಲ್ಲೇ ಮದ್ದೂರು ತಾಲ್ಲೂಕಿನ ಆಬಲವಾಡಿ ಇದೆ. 2011ರಲ್ಲಿ, ದಲಿತ ಹುಡುಗನನ್ನು ಪ್ರೀತಿಸಿದ ಹುಡುಗಿಯ ಸಾವಿನಿಂದ ಆ ಊರಿನ ಹೆಸರು ಕರ್ನಾಟಕಕ್ಕೆಲ್ಲ ಗೊತ್ತಾಯಿತು. ಇದಕ್ಕೆ ಮರ್ಯಾದೆ ಹತ್ಯೆ ಎಂದು ಹೆಸರಿಟ್ಟವರಿಗೆ ಮರ್ಯಾದೆ ಇರಲಿಲ್ಲ. ಮರ್ಯಾದೆಗೇಡು ಹತ್ಯೆ ಎಂದೇ ಕರೆಯೋಣ.

ಇಷ್ಟೆಲ್ಲ ವಿಮರ್ಶೆ ಮಾಡುವ ನಾವು ಒಂದು ತಪ್ಪೊಪ್ಪಿಗೆಯನ್ನೂ ಮಾಡಬೇಕು. ಮೀರಾ ರಾಡು ಎತ್ತಿದಾಗ ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಬೇರೆಯವರ ಮಾತೇಕೆ, ನಾವೇ ತಟ್ಟಿದೆವು. ಎಷ್ಟೋ ವರ್ಷದಿಂದ ಕೈಯಲ್ಲಿ ಹಿಡಿದಿಟ್ಟುಕೊಂಡಿದ್ದ ಏನೋ ಒಂದು ಬಿಟ್ಟುಹೋದ ಹಾಗಾಯಿತು. ಅಜ್ಜಿಯನ್ನು ಹೊಡೆದ ಆ ಲಾರಿ ಎದುರಿಗೆ ಬಂದು ನಿಂತ ಹಾಗಾಯಿತು. ಈ ಆಕ್ರೋಶವನ್ನು ಕೀಳು ಅಭಿರುಚಿ ಎಂದು ಜರೆಯಲು ನಾವು ತಯಾರಿಲ್ಲ. ಹೊಟ್ಟೆ ತುಂಬಿದವರು ಅಹಿಂಸೆಯ ಪಾಠ ಹೇಳುವುದನ್ನು ನಮ್ಮ ತಾತಂದಿರು ಸಾಕಷ್ಟು ಕೇಳಿದ್ದಾರೆ.

ಸಿನಿಮಾ ಮುಗಿದ ಮೇಲೆ ಒಬ್ಬ ಹುಡುಗ ಎದ್ದುನಿಂತು, "ಕೋರ್ಟಲ್ಲಿ ಸಿಗ್ದಿದ್ರೆ ರಾಡೇ ಸರಿ ಕಣಣ್ಣ" ಎಂದ. ಯಾರೂ ಮಾತಾಡಲಿಲ್ಲ. ಕಾಯಿ ಸುಲಿಯುವ ಅಣ್ಣ ನಿಧಾನವಾಗಿ ಹೇಳಿದರು: "ಆಯಮ್ಮುಂಗೆ ಕಾರಿತ್ತು ಕಣ್ರಪ್ಪಾ, ಅದ್ಕೆ ಆಯ್ತು. ಹೊಡ್ದು ಊರು ಬಿಟ್ಟು ಹೋದ್ಲು. ನಾವ್ ಹೊಡ್ದು ಎಲ್ಲಿಗ್ ಹೋಗಾದು? ಬೆಳಗಾದ್ರೆ ಅದೇ ತ್ವಾಟುಕ್ಕೆ ಕೂಲಿಗ್ ಹೋಗ್ಬೇಕು."

ಯಾವ ಪತ್ರಿಕೆಯ ವಿಮರ್ಶಕರೂ ಈ ಸಿನಿಮಾದ ಬಗ್ಗೆ ಇದಕ್ಕಿಂತ ದೊಡ್ಡ ಮಾತು ಹೇಳಿದ್ದನ್ನು ನಾವು ಓದಿಲ್ಲ. ಹೆದ್ದಾರಿಯ ಸೇಡು ಸ್ಟೇರಿಂಗು ಇದ್ದವರ ಸೇಡು. ಪೋಲೀಸರೇ ಮುಂದೆ ನಿಂತು ಲೈಸೆನ್ಸಿನ ಪಿಸ್ತೂಲು ಕೊಡಿಸುವಂಥ ವರ್ಗದ ಹೆಣ್ಣಿನ ಸೇಡು. ಇದ್ದಲ್ಲೇ ಇರಬೇಕಾದವರು ಸೇಡು ತೀರಿಸಿದರೆ ಬಿಲ್ಲು ಇಡೀ ಕೇರಿಗೆ ಬರುತ್ತದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಒಂದು ಸಾವಿಗೆ ಸೇಡೆಂದು 7 ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಸೇಡು ಎಂಬುದು ಬಲವಿದ್ದವರ ಭಾಷೆ. ಸಿನಿಮಾದ ತಾಯಿ ಮಗಳ ಕೊಲೆಗೆ ಕೊಟ್ಟ ಸಮರ್ಥನೆಯನ್ನೇ ಮೀರಾ ಕೊನೆಯಲ್ಲಿ ಅವಳಿಗೆ ತಿರುಗಿಸಿ ಹೇಳುವುದು ಸುಮ್ಮನೆ ಅಲ್ಲ.

ಹಾಗಾದರೆ ಆ ಹುಡುಗನಿಗೆ ಏನು ಹೇಳುವುದು? ಕಂಬಾಲಪಲ್ಲಿಯನ್ನು ತೋರಿಸಿ "ಕೋರ್ಟು ನಂಬು" ಎನ್ನಲು ನಮಗೆ ಬಾಯಿ ಬರುವುದಿಲ್ಲ. ಆದರೆ ಎರಡು ಸಿನಿಮಾಗಳೂ ಮೂಲೆಗೆ ತಳ್ಳಿದವರ ಕಡೆ ಅವನ ಮುಖ ತಿರುಗಿಸಬಹುದು. 'ಎನ್‌ಎಚ್ 10'ರಲ್ಲಿ ಮೀರಾಳನ್ನು ತಮ್ಮ ಗುಡಿಸಲಿನಲ್ಲಿ ಬಚ್ಚಿಡುವವರು ಬಿಹಾರದಿಂದ ಬಂದ ಬಡ ದಂಪತಿ. ಬಾಗಿಲಿಗೆ ಬಂದ ಕೊಲೆಗಾರರಿಗೆ ಅವರು ಅವಳನ್ನು ಒಪ್ಪಿಸಲಿಲ್ಲ. ಅವರ ಹತ್ತಿರ ಕಾರಿಲ್ಲ, ಪಿಸ್ತೂಲಿಲ್ಲ. ಆ ಸಿನಿಮಾದಲ್ಲಿ ಎಲ್ಲಕ್ಕಿಂತ ಧೈರ್ಯದ ಕೆಲಸ ಅದೇ. ಕತೆ ಅವರನ್ನು ದಾಟಿ ಓಡಿಹೋಗುತ್ತದೆ.

ನಿಜವಾದ ಹರಿಯಾಣದ ಕತೆ ಸಿನಿಮಾಕ್ಕಿಂತ ಬೇರೆ. 2007ರಲ್ಲಿ ಮನೋಜ್ ಮತ್ತು ಬಬ್ಲಿ ಎಂಬ ಗಂಡ ಹೆಂಡತಿಯನ್ನು ಒಂದೇ ಗೋತ್ರದವರು ಎಂಬ ಕಾರಣಕ್ಕೆ ಹೆದ್ದಾರಿಯಲ್ಲಿ ಬಸ್ಸಿನಿಂದ ಇಳಿಸಿ ಎಳೆದೊಯ್ದು ಕೊಂದರು. ಎಳೆದೊಯ್ದದ್ದನ್ನು ನೋಡಿದ ರಸ್ತೆ ಗುತ್ತಿಗೆದಾರನೊಬ್ಬ ಠಾಣೆಗೆ ದೂರು ಕೊಟ್ಟ. ಊರಿನ ಬಹಿಷ್ಕಾರದ ನಡುವೆ ಮನೋಜನ ತಾಯಿ ಚಂದ್ರಪತಿ ಕೇಸು ನಡೆಸಿದರು. 2010ರಲ್ಲಿ ಕರ್ನಾಲ್ ಕೋರ್ಟು ಕೊಲೆಗಾರರಿಗೆ ಶಿಕ್ಷೆ ಕೊಟ್ಟಿತು. ರಾಡು ಎತ್ತದ ಈ ತಾಯಿಯ ಮೇಲೆ ಥ್ರಿಲ್ಲರು ಮಾಡಲು ಯಾವ ನಿರ್ಮಾಪಕ ಕಾಸು ಹಾಕುತ್ತಾನೆ?

ನಮ್ಮಲ್ಲೂ ಒಂದಿದೆ. ಅದು ಶುರುವಾದದ್ದೂ ಸಿನಿಮಾ ಟಾಕೀಸಿನಲ್ಲೇ. 2014ರ ಆಗಸ್ಟ್ 28ರಂದು ಗಂಗಾವತಿಯ ಟಾಕೀಸಿನಲ್ಲಿ ಎದ್ದ ಜಗಳ ಮರಕುಂಬಿ ಊರಿಗೆ ಬಂದು ದಲಿತರ ಗುಡಿಸಲುಗಳಿಗೆ ಬೆಂಕಿಯಾಯಿತು. ಹತ್ತು ವರ್ಷ ಅದೇ ಊರಲ್ಲಿ, ಅದೇ ಜನರ ಎದುರಿನಲ್ಲಿ ಬದುಕಿಕೊಂಡು ನಮ್ಮವರು ಸಾಕ್ಷಿ ಹೇಳಿದರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ, 3 ಜನರಿಗೆ 5 ವರ್ಷದ ಶಿಕ್ಷೆ ಕೊಟ್ಟಿತು. ಮೇಲ್ಮನವಿ ಹೈಕೋರ್ಟಿಗೆ ಹೋಯಿತು, ಹೆಚ್ಚಿನವರಿಗೆ ಜಾಮೀನೂ ಸಿಕ್ಕಿತು. ಇದು ಸಿನಿಮಾದ ಕೊನೆಯ ರೀಲಿನಂತಲ್ಲ. ಆದರೆ ತೀರ್ಪಿನ ಕಾಗದದಲ್ಲಿ ನಡೆದದ್ದು ನಡೆದಿದೆ ಎಂದು ಬರೆದಾಗಿದೆ. ಇನ್ನು ಯಾರೂ "ಏನೂ ಆಗಿರಲಿಲ್ಲ" ಎಂದು ಹೇಳುವ ಹಾಗಿಲ್ಲ.

ನಮ್ಮ ಅಜ್ಜಿಯ ಸಾವಿಗೆ ಅಷ್ಟೂ ಸಿಗಲಿಲ್ಲ. ಸೇಡು ತೀರಿಸುವವರು ಇರಲಿಲ್ಲ ಎಂಬುದು ನಮ್ಮ ನೋವಲ್ಲ. ನಂಬರು ಬರೆದುಕೊಳ್ಳುವವರು ಇರಲಿಲ್ಲ ಎಂಬುದು ನೋವು. ಆ ಹೊತ್ತಿಗೆ ನಾವು ಅಂಕಿ ಕಲಿಯುತ್ತಿದ್ದೆವು. ಈಗ ಡಿಗ್ರಿ ಮುಗಿಸಿದ್ದೇವೆ.

ಆ ಹುಡುಗನಿಗೆ, ಅವನಂತೆ ಕೇಳುವ ಎಲ್ಲ ಗೆಳೆಯರಿಗೆ ನಾವು ಹೇಳುವುದು ಇಷ್ಟು. ಚಪ್ಪಾಳೆ ತಟ್ಟಿ, ನಾಚಿಕೆ ಬೇಡ. ಆದರೆ ಕೋಣೆಯಿಂದ ಹೊರಗೆ ಬಂದು ರಸ್ತೆ ದಾಟುವಾಗ ಕಣ್ಣು ತೆರೆದಿಟ್ಟುಕೊಳ್ಳಿ. ಕೇರಿಯಲ್ಲಿ ಏನಾದರೂ ನಡೆದರೆ ತಾರೀಕು ಬರೆಯಿರಿ, ಹೊತ್ತು ಬರೆಯಿರಿ, ನಂಬರು ಬರೆಯಿರಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಹತ್ತು ಜನ ಹೋಗಿ, ಆಗಲೂ ಆಗದಿದ್ದರೆ ನೂರು ಜನ ಹೋಗೋಣ. ಸಾಕ್ಷಿ ಹೇಳುವವರ ಮನೆ ಮುಂದೆ ರಾತ್ರಿ ಕಾವಲಿಗೆ ನಾವಿರುತ್ತೇವೆ.